ಬಾವುಟಗುಡ್ಡೆಯ ಏರೂ ಹಳೆಯ ಕಾರಿನ ನಾಡಿಯೂ

ಮಂಗಳೂರಿಗೆ ಹೊಸದಾಗಿ ಬಂದವರ ಮನಸ್ಸನ್ನು ಮೊದಲು ಸೆಳೆಯುವುದು ಇಲ್ಲಿನ ಕಡಲು, ಕೆಂಪು ಹೆಂಚಿನ ಮಾಡುಗಳು, ತೆಂಗಿನ ತೋಟಗಳು. ಆದರೆ ಮೋಟಾರು ನಡೆಸುವವನ ಕಣ್ಣಿಗೆ ಮೊದಲು ಬೀಳುವುದು ಈ ಊರಿನ ಏರಿಳಿತ. ಸ್ಥಳನಾಮಗಳೇ ಅದನ್ನು ಸಾರಿ ಹೇಳುತ್ತವೆ. ಬಾವುಟಗುಡ್ಡೆ ಎಂಬಲ್ಲಿ ಗುಡ್ಡೆಯಿದೆ. ಕೊಡಿಯಾಲಬೈಲು, ದೇರೆಬೈಲು ಎಂಬಲ್ಲಿ ತಗ್ಗಿನ ಬೈಲಿದೆ. ಪದವು ಎಂದರೆ ಗುಡ್ಡದ ನೆತ್ತಿಯ ಬಯಲು. ಒಂದು ಮದುವೆಯ ಕರೆಗೆ ಹೋಗಿ ಊಟ ಮುಗಿಸಿ ಮನೆಗೆ ಮರಳುವಷ್ಟರಲ್ಲಿ ಕಾರು ನಾಲ್ಕಾರು ಏರುಗಳನ್ನು ಹತ್ತಿ, ಅಷ್ಟೇ ಇಳಿಜಾರುಗಳನ್ನು ಇಳಿದಿರುತ್ತದೆ. ಕಾಲ್ನಡೆಯವನಿಗೆ ಇದು ವ್ಯಾಯಾಮ. ಹೊಸ ಕಾರಿನವನಿಗೆ ವಿನೋದ. ಹಳೆಯ ಕಾರಿನವನಿಗೆ ಮಾತ್ರ ದಿನನಿತ್ಯದ ಪರೀಕ್ಷೆ.

ಹಳೆಯ ಕಾರು ಇಟ್ಟುಕೊಂಡ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಮಾತು ಕೇಳಿಬರುತ್ತದೆ: “ಗಾಡಿಗೆ ಪುಲ್ಲಿಂಗೇ ಇಲ್ಲ ಮಾರಾಯ್ರೆ!” ಸಪಾಟು ರಸ್ತೆಯಲ್ಲಿ ಸುಮ್ಮನೆ ಸಾಗಿದ ಕಾರು ಏರು ಬಂದೊಡನೆ ಮುಗ್ಗರಿಸುತ್ತದೆ. ಮೂರನೆಯ ಗೇರು ಸಾಲದೆ ಎರಡಕ್ಕೆ, ಎರಡೂ ಸಾಲದೆ ಒಂದಕ್ಕೆ ಇಳಿಯಬೇಕಾಗುತ್ತದೆ. ಹಿಂದಿನಿಂದ ಬರುವ ಬಸ್ಸು ಎಡೆಬಿಡದೆ ಹಾರ್ನು ಬಾರಿಸುತ್ತದೆ. ಆಗ ಜೊತೆಯಲ್ಲಿ ಕುಳಿತ ಯಾರಾದರೊಬ್ಬರು ತೀರ್ಪು ಕೊಟ್ಟೇಬಿಡುತ್ತಾರೆ: “ಇಂಜಿನು ಹೋಯಿತು, ಇನ್ನು ಗುಜರಿಗೆ ಕೊಡುವುದೇ ಸರಿ.”

ಈ ತೀರ್ಪು ಹಗುರವಾದುದಲ್ಲ. ಮುಂಬಯಿಗೋ ಕೊಲ್ಲಿ ದೇಶಗಳಿಗೋ ಮಕ್ಕಳು ಹೋಗಿ ನೆಲೆಸಿದ ಮನೆಗಳು ಮಂಗಳೂರಿನಲ್ಲಿ ಬಹಳ. ಅಂಥ ಮನೆಯ ಮುಂಚಾವಡಿಯ ಬದಿಯಲ್ಲಿ ತಂದೆಯ ಕಾಲದ ಅಂಬಾಸಡರೋ ಪದ್ಮಿನಿಯೋ ಮಾರುತಿ 800ಓ ನಿಂತಿರುತ್ತದೆ. ವರ್ಷದ ಬಹುಭಾಗ ಅದಕ್ಕೆ ನಿದ್ರೆ. ಮಕ್ಕಳು ರಜೆಗೆ ಬಂದಾಗ, ಮನೆಯಲ್ಲಿ ಕೋಲವೋ ಕ್ರಿಸ್ಮಸ್ಸೋ ಮದುವೆಯೋ ಒದಗಿದಾಗ ಎಚ್ಚರ. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಮಾರುತಿ 800ರದೂ ಅದೇ ವರ್ಷ. ಹದಿನೈದು ವರ್ಷ ಕಳೆದ ಖಾಸಗಿ ಕಾರು ಅರ್ಹತಾ ಪರೀಕ್ಷೆಯಲ್ಲಿ ಗೆದ್ದು ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. 2021ರಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳನ್ನು ಗುಜರಿಗೆ ಕಳುಹಿಸಲು ಪ್ರೋತ್ಸಾಹ ನೀಡುವ ನೀತಿಯನ್ನೂ ಸಾರಿತು. ಹೀಗಿರುವಾಗ ಒಮ್ಮೆ ಕೈಬಿಟ್ಟ ಕಾರು ಮತ್ತೆ ದೊರೆಯುವಂಥದಲ್ಲ. ಆದುದರಿಂದ ‘ಹೋಯಿತು’ ಎನ್ನುವ ಮುನ್ನ ಹೋದದ್ದೇನು ಎಂದು ವಿಚಾರಿಸುವುದು ನ್ಯಾಯ. ಆ ವಿಚಾರಣೆಗೆ ಮಂಗಳೂರಿಗಿಂತ ಒಳ್ಳೆಯ ನ್ಯಾಯಾಲಯ ಬೇರೊಂದಿಲ್ಲ.

ಏರಿನ ಲೆಕ್ಕ

ಸಪಾಟಿನಲ್ಲಿ ಕಾಣದ ಬಲಹೀನತೆ ಏರಿನಲ್ಲಿ ಕಾಣುವುದೇಕೆ? ಒಂದು ಸಣ್ಣ ಲೆಕ್ಕದಿಂದ ಇದು ತಿಳಿಯುತ್ತದೆ. ಮನೆಮಂದಿಯೊಡನೆ ಒಂದೂವರೆ ಟನ್ನು ತೂಗುವ ಹಳೆಯ ಅಂಬಾಸಡರು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಪಾಟು ರಸ್ತೆಯಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ಚಕ್ರಗಳ ಉರುಳಾಟಕ್ಕೂ ಗಾಳಿಯನ್ನು ಸೀಳುವುದಕ್ಕೂ ಕೂಡಿ ಬೇಕಾಗುವುದು ಸುಮಾರು 3 ಅಶ್ವಶಕ್ತಿ ಮಾತ್ರ. ಅದೇ ಕಾರು ಅದೇ ವೇಗದಲ್ಲಿ, ಹತ್ತು ಅಡಿಗೆ ಒಂದು ಅಡಿಯಂತೆ ಏರುವ ರಸ್ತೆಯನ್ನು ಹತ್ತಬೇಕಾದರೆ ಇನ್ನೂ ಸುಮಾರು 16 ಅಶ್ವಶಕ್ತಿ ಬೇಕು. ಅಂದರೆ ಹೊರೆ ಒಮ್ಮೆಲೇ ಆರು ಪಟ್ಟಿಗೂ ಮಿಗಿಲು! ಆ ಕಾರಿನ 1489 ಸಿ.ಸಿ. ಪೆಟ್ರೋಲ್ ಇಂಜಿನಿನ ಶಕ್ತಿ ಹೊಸದಿದ್ದಾಗಲೇ ಸುಮಾರು 50 ಅಶ್ವಶಕ್ತಿ. ಅದೂ ಅತಿ ವೇಗವಾಗಿ ತಿರುಗುವಾಗ. ನಡುವೇಗದಲ್ಲಿ ಅಷ್ಟು ದೊರೆಯದು. ನಾಲ್ಕು ಸಿಲಿಂಡರುಗಳಲ್ಲಿ ಒಂದು ಮಲಗಿದರೂ ಸಪಾಟಿನಲ್ಲಿ ನಮಗೆ ಗೊತ್ತಾಗದೆ ಹೋಗಬಹುದು. ಏರಿನಲ್ಲಿ ಮಾತ್ರ ಗುಟ್ಟು ರಟ್ಟಾಗುತ್ತದೆ.

ಇನ್ನೊಂದು ಮಾತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ ಎಲ್ಲ ಸಾಧಾರಣ ಇಂಜಿನುಗಳೂ ಶಕ್ತಿಗುಂದುತ್ತವೆ; ಸಾವಿರ ಮೀಟರಿಗೆ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ನಷ್ಟ. ಮಡಿಕೇರಿಯ ಕಾರು ಈ ನೆಪವನ್ನು ಒಡ್ಡಬಹುದು. ಕಡಲಿನ ಮಟ್ಟದಲ್ಲಿರುವ ಮಂಗಳೂರಿನ ಕಾರಿಗೆ ಈ ನೆಪವಿಲ್ಲ. ಬೇಸಿಗೆಯ ಸೆಕೆ, ತೇವಗಾಳಿ ಕೊಂಚ ಶಕ್ತಿಯನ್ನು ಕದಿಯುತ್ತವೆ, ನಿಜ. ಆದರೆ ಗೇರು ಇಳಿಸುವಷ್ಟಲ್ಲ. ಇಲ್ಲಿ ಎಳೆಯದ ಕಾರಿಗೆ ನಿಜವಾಗಿಯೂ ಏನೋ ಕಾಯಿಲೆಯಿದೆ ಎಂದೇ ತಿಳಿಯಬೇಕು.

ಪಣಂಬೂರಿನ ಸಪಾಟಿನಲ್ಲಿ

ಬನ್ನಿ, ಅಂಥದೊಂದು ಕಾರನ್ನು ಹಿಡಿದು ಊರು ಸುತ್ತೋಣ. ಮೊದಲ ಪರೀಕ್ಷೆ ಗುಡ್ಡದಲ್ಲಲ್ಲ, ಸಪಾಟಿನಲ್ಲಿ. ಬೆಳಗಿನ ಜಾವ ವಾಹನಗಳ ಸಂದಣಿ ಇಲ್ಲದಿರುವಾಗ ಕೂಳೂರನ್ನು ದಾಟಿ ಪಣಂಬೂರಿನ ಕಡಲ ದಂಡೆಯ ಕಡೆಗೆ ಹೋಗೋಣ. ಒಂದು ಬದಿಗೆ 1970ರ ದಶಕದಲ್ಲಿ ಕೆಲಸಕ್ಕೆ ತೊಡಗಿದ ನವಮಂಗಳೂರು ಬಂದರು. ಇದಿರಿಗೆ ಅರಬ್ಬೀ ಸಮುದ್ರ. ಇಲ್ಲಿನ ಗಾಳಿ ಎಷ್ಟು ಹಿತವೋ ಲೋಹಕ್ಕೆ ಅಷ್ಟೇ ಅಹಿತ. ಅದರ ಉಪ್ಪಿನ ತೇವ ತಗಲಿ ಬ್ಯಾಟರಿಯ ತುದಿಗಳು ಹಸುರುಗಟ್ಟುತ್ತವೆ, ಬ್ರೇಕಿನ ಬಿಡಿಭಾಗಗಳು ತುಕ್ಕು ಹಿಡಿಯುತ್ತವೆ.

ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಮೊದಲು ಸಂಶಯಪಡಬೇಕಾದದ್ದು ಇಂಜಿನನ್ನಲ್ಲ, ಬ್ರೇಕನ್ನು. ಮೂವತ್ತರ ವೇಗದಲ್ಲಿರುವಾಗ ಗೇರನ್ನು ನ್ಯೂಟ್ರಲಿಗೆ ತಂದು ಕಾರನ್ನು ತನ್ನಷ್ಟಕ್ಕೆ ಉರುಳಲು ಬಿಡಿ. ದೂರದವರೆಗೆ ನಿರಾಯಾಸವಾಗಿ ಉರುಳಿದರೆ ಸರಿ. ಯಾರೋ ಹಿಂದಿನಿಂದ ಹಿಡಿದೆಳೆದಂತೆ ಬೇಗನೆ ನಿಂತರೆ ಬ್ರೇಕು ಬಿಡುತ್ತಿಲ್ಲವೆಂದು ಅರ್ಥ. ಅಂಥ ಚಕ್ರ ಉಳಿದವುಗಳಿಗಿಂತ ಬಿಸಿಯಾಗಿರುತ್ತದೆ. ಅಂಗೈಯನ್ನು ಹತ್ತಿರ ಹಿಡಿದರೆ ಸಾಕು, ತಿಳಿಯುತ್ತದೆ. ಮುಟ್ಟಿದರೆ ಸುಟ್ಟೀತು. ಟಯರುಗಳಲ್ಲಿ ಗಾಳಿ ಕಡಿಮೆಯಾದರೂ ಇದೇ ಬಗೆಯ ಭಾರ ತೋರುತ್ತದೆ. ಎಷ್ಟೋ ಇಂಜಿನುಗಳು ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸುವುದು ಈ ಎರಡರ ದೆಸೆಯಿಂದ.

ಆಮೇಲೆ ಕ್ಲಚ್ಚು. ಏರಿನಲ್ಲಿ ಇಂಜಿನಿನ ಸದ್ದು ಮಾತ್ರ ಏರಿ ವೇಗ ಏರದಿದ್ದರೆ, ಸುಟ್ಟ ವಾಸನೆಯೊಂದು ಒಳಗೆ ಸುಳಿದರೆ, ಶಕ್ತಿ ಹುಟ್ಟುತ್ತಿದೆ, ಚಕ್ರವನ್ನು ಮುಟ್ಟುತ್ತಿಲ್ಲ ಎಂದು ತಿಳಿಯಿರಿ. ನಿಂತಲ್ಲಿಯೇ ಪರೀಕ್ಷಿಸುವ ಉಪಾಯವುಂಟು. ಚಕ್ರಗಳಿಗೆ ಕಲ್ಲು ಕೊಟ್ಟು, ಕೈಬ್ರೇಕನ್ನು ಬಿಗಿಯಾಗಿ ಎಳೆದು, ಎಲ್ಲಕ್ಕಿಂತ ಮೇಲಿನ ಗೇರಿಗೆ ಹಾಕಿ, ಕ್ಲಚ್ಚನ್ನು ಮೆಲ್ಲನೆ ಬಿಡಿ. ಇಂಜಿನು ಕೂಡಲೇ ನಿಂತುಹೋಗಬೇಕು. ನಿಲ್ಲದೆ ತಿರುಗುತ್ತಲೇ ಇದ್ದರೆ ಕ್ಲಚ್ಚು ಜಾರುತ್ತಿದೆ.

ಊರಿನ ಒಳಕ್ಕೆ ಮರಳುವಾಗ ಕಾರ್‌ಸ್ಟ್ರೀಟ್ ಎಂಬ ಹೆಸರು ಕಂಡು ಹೊರಗಿನವರು ಮೋಸಹೋಗುವುದುಂಟು. ಅದು ನಮ್ಮ ಈ ಕಾರಿನ ಬೀದಿಯಲ್ಲ, ತೇರಿನ ಬೀದಿ. ರಥಸಪ್ತಮಿಯ ಸುಮಾರಿಗೆ ವೆಂಕಟರಮಣ ದೇವಾಲಯದ ಕೊಡಿಯಾಲ್ ತೇರು ಇಲ್ಲಿ ಎಳೆಯಲ್ಪಡುತ್ತದೆ. ಆ ‘ಕಾರಿ’ಗೆ ಇಂಜಿನಿಲ್ಲ, ಪೆಟ್ರೋಲು ಬೇಡ, ಭಕ್ತರ ತೋಳುಗಳೇ ಅದರ ಅಶ್ವಶಕ್ತಿ. ನಮ್ಮ ಕಾರಿಗೆ ಆ ಭಾಗ್ಯವಿಲ್ಲದ ಕಾರಣ ನಾವು ಗುಡ್ಡವನ್ನೇ ಹತ್ತಬೇಕು.

ಬಾವುಟಗುಡ್ಡೆಯ ಏರು

ಹಂಪನಕಟ್ಟೆಯ ಗದ್ದಲದಿಂದ ಹೊರಟ ದೀಪಸ್ತಂಭದ ರಸ್ತೆ ಬಾವುಟಗುಡ್ಡೆಯನ್ನು ಏರುತ್ತದೆ. 1880ರಲ್ಲಿ ಸ್ಥಾಪನೆಯಾದ ಸಂತ ಅಲೋಶಿಯಸ್ ಕಾಲೇಜು ಇರುವುದು ಈ ಗುಡ್ಡದ ಮೇಲೆ. 1837ರಲ್ಲಿ ಸುಳ್ಯದ ಕಡೆಯಿಂದ ಕಂಪೆನಿ ಸರಕಾರದ ವಿರುದ್ಧ ದಂಡೆತ್ತಿ ಬಂದ ರೈತರು ಬಾವುಟ ಹಾರಿಸಿದ್ದೂ ಇಲ್ಲಿಯೇ. ನೆತ್ತಿಯಿಂದ ನೋಡಿದರೆ ತೆಂಗಿನ ಹಸುರಿನಾಚೆ ಕಡಲು ಕಾಣುತ್ತದೆ. ಆದರೆ ನಮ್ಮ ಕಿವಿ ಈಗ ಇಂಜಿನಿನ ಮೇಲಿರಲಿ. ಏರಿನಲ್ಲಿ ಇಂಜಿನು ಮೂರು ಬಗೆಯಾಗಿ ದೂರು ಹೇಳುತ್ತದೆ.

ಒಂದನೆಯದು ಹಸಿವಿನ ದೂರು. ಏರಿನ ಬುಡದಲ್ಲಿ ಹುರುಪಿನಿಂದ ಹೊರಟ ಕಾರು ಅರ್ಧ ಏರಿದ ಮೇಲೆ ಸೊರಗುತ್ತದೆ. ಆಕ್ಸಿಲರೇಟರನ್ನು ತುಳಿದಷ್ಟೂ ಇನ್ನೂ ಕುಗ್ಗುತ್ತದೆ. ಸ್ವಲ್ಪ ಬಿಟ್ಟರೆ ಚೇತರಿಸುತ್ತದೆ. ಇದು ಪೆಟ್ರೋಲು ಸಾಲದ ಲಕ್ಷಣ. ಟ್ಯಾಂಕಿನ ತಳದ ಕಸ, ಕಟ್ಟಿಕೊಂಡ ಫಿಲ್ಟರು, ದಣಿದ ಪಂಪಿನ ಪೊರೆ, ಕಾರ್ಬುರೇಟರಿನ ಜೆಟ್ಟಿನಲ್ಲಿ ಕುಳಿತ ಅಂಟು, ಇವುಗಳಲ್ಲಿ ಯಾವುದೂ ಆಗಿರಬಹುದು. ಟ್ಯಾಂಕಿನ ಮುಚ್ಚಳದ ಗಾಳಿಕಂಡಿ ಮುಚ್ಚಿಹೋದರೂ ಹೀಗೆಯೇ. ಮುಚ್ಚಳ ತಿರುಗಿಸಿದಾಗ ಗಾಳಿ ‘ಬುಸ್’ ಎಂದು ಒಳನುಗ್ಗಿದರೆ ಕಳ್ಳ ಸಿಕ್ಕಿದನೆಂದೇ ಲೆಕ್ಕ. ಬೇಸಿಗೆಯಲ್ಲಿ ಕೊಳವೆಯೊಳಗಿನ ಪೆಟ್ರೋಲು ಕುದಿದು ಆವಿಯಾಗಿ ದಾರಿ ಕಟ್ಟುವುದೂ ಉಂಟು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸುತ್ತಿದ್ದ ಹಳೆಯ ಚಾಲಕರ ಚಿಕಿತ್ಸೆಗೆ ಇದೇ ಶಾಸ್ತ್ರಾಧಾರ.

ಇಲ್ಲಿ ಇಂದಿನ ಕಾಲದ ಒಂದು ವಿಷಯವನ್ನು ಹೇಳಲೇಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶವನ್ನೆಲ್ಲ ವ್ಯಾಪಿಸಿತು. ಒಂದು ಲೀಟರು ಎಥೆನಾಲಿನಲ್ಲಿರುವ ಶಕ್ತಿ ಅಷ್ಟೇ ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಹಾಗಾಗಿ ಬೆರಕೆಯಲ್ಲಿ ನೂರಕ್ಕೆ ಆರೇಳು ಪಾಲು ಶಕ್ತಿ ಕುಗ್ಗುತ್ತದೆ. ಅದಕ್ಕಿಂತ ಮುಖ್ಯವಾದುದು ಬೇರೆ. ಎಥೆನಾಲಿಗೆ ತೇವವನ್ನು ಹೀರುವ ಗುಣವಿದೆ. ಮಂಗಳೂರಿನ ಗಾಳಿಯಲ್ಲೋ ತೇವಕ್ಕೆ ಬರವಿಲ್ಲ. ಟ್ಯಾಂಕು ಅರೆಬರೆ ತುಂಬಿದ ಕಾರು ಮಳೆಗಾಲವಿಡೀ ನಿಂತರೆ ಎಥೆನಾಲೂ ನೀರೂ ಬೇರ್ಪಟ್ಟು ತಳಕ್ಕಿಳಿದಾವು. ಪಂಪು ಮೊದಲು ಎಳೆಯುವುದು ಆ ತಳದ ದ್ರವವನ್ನೇ. ಹಳೆಯ ರಬ್ಬರು ಕೊಳವೆಗಳನ್ನೂ ಅದು ಮೆತ್ತಗಾಗಿಸಿ ಕೆಡಿಸಬಲ್ಲದು. ಆದುದರಿಂದ ರಜೆಯ ಮೊದಲ ದಿನವೇ ಕಾರು ಕುಂಟಿದರೆ ಹಳಸಿದ ಪೆಟ್ರೋಲನ್ನು ಬಸಿದು ತೆಗೆಯುವುದು ಮೊದಲ ಕೆಲಸ. ಕೊಳವೆಗಳನ್ನು ಎಥೆನಾಲಿಗೆ ಜಗ್ಗದ ಜಾತಿಯವಕ್ಕೆ ಬದಲಾಯಿಸುವುದು ಎರಡನೆಯದು.

ಹುರುಪಿಲ್ಲದ ಆಹಾರದಿಂದ ಇಂಜಿನು ಬಡವಾಗುವುದು ಹೊಸ ಸಂಗತಿಯೇನಲ್ಲ. ಮಂಗಳೂರು ಬಂಟ್ವಾಳಗಳ ನಡುವೆ 1914ರಲ್ಲಿಯೇ ಬಸ್ಸು ಓಡಿತ್ತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿನ ಅಭಾವ ಒದಗಿದಾಗ ದಕ್ಷಿಣ ಭಾರತದ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಅದರ ಅನಿಲದಿಂದ ನಡೆದವು. ಆ ಅನಿಲದ ಅರ್ಧದಷ್ಟು ಉರಿಯದ ಸಾರಜನಕ. ಹೀಗಾಗಿ ಅದೇ ಇಂಜಿನಿನ ಬಲ ಅರೆಪಾಲಿನ ಹತ್ತಿರಕ್ಕೆ ಇಳಿಯುತ್ತಿತ್ತು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯುವುದು, ಬೇಕಾದರೆ ತಳ್ಳುವುದು ಅಂದಿನ ಪ್ರಯಾಣದ ಒಂದು ಅಂಗವಾಗಿತ್ತು. ಇಂಜಿನು ಅಂದೂ ಗಟ್ಟಿಯಾಗಿಯೇ ಇತ್ತು. ಕೆಟ್ಟದ್ದು ಅದರ ಊಟ.

ಎರಡನೆಯದು ಕಿಡಿಯ ದೂರು. ಏರಿನಲ್ಲಿ ಕಾರು ಬಿಕ್ಕಳಿಸಿದಂತೆ ತಡೆತಡೆದು ಎಳೆಯುತ್ತದೆ. ಇದನ್ನೇ ನಮ್ಮ ಮೆಕ್ಯಾನಿಕ್ಕುಗಳು ‘ಮಿಸ್ಸಿಂಗು’ ಎನ್ನುವುದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ ಜೂನ್ ತಿಂಗಳು ಬಂತೆಂದರೆ ಈ ಕಾಯಿಲೆಗೆ ಸುಗ್ಗಿ. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತರೆ, ಪ್ಲಗ್ಗಿನ ತಂತಿಗಳ ಹೊದಿಕೆ ಬಿರಿದರೆ, ಕಿಡಿ ಪ್ಲಗ್ಗನ್ನು ತಲಪುವ ಬದಲು ಅಡ್ಡದಾರಿ ಹಿಡಿಯುತ್ತದೆ. ರಾತ್ರಿಯ ಕತ್ತಲಲ್ಲಿ ಬಾನೆಟ್ಟನ್ನು ಎತ್ತಿ ಇಂಜಿನನ್ನು ನಡೆಸಿ ನೋಡಿದರೆ ಸೋರುವ ವಿದ್ಯುತ್ತು ನೀಲಿ ಮಿಣುಕಾಗಿ ಕಣ್ಣಿಗೇ ಕಾಣುತ್ತದೆ. ಕೈಯಿಂದ ಮುಟ್ಟುವ ಸಾಹಸ ಬೇಡ. ಪಾಯಿಂಟುಗಳ ಎಡೆ ಅರ್ಧ ಮಿಲಿಮೀಟರಿಗೂ ಕಡಿಮೆ. ಅದನ್ನು ಎತ್ತಿ ತೆರೆಯುವ ಪುಟ್ಟ ತುಂಡು ಸವೆದಂತೆ ಆ ಎಡೆ ಇನ್ನೂ ಕಿರಿದಾಗಿ ಕಿಡಿ ತಡವಾಗಿ ಹುಟ್ಟುತ್ತದೆ. ತಡವಾದ ಕಿಡಿಯಿಂದ ಬಿಕ್ಕಳಿಕೆಯಿಲ್ಲ. ಕಾರು ಸುಮ್ಮನೆ ಮಂಕಾಗುತ್ತದೆ, ರೇಡಿಯೇಟರು ಬಿಸಿಯೇರುತ್ತದೆ. ತಳ್ಳಬೇಕಾದ ಶಕ್ತಿ ಬರಿಯ ಶಾಖವಾಗಿ ಹೊರಹೋಗುತ್ತದೆ.

ಮೂರನೆಯದು ಉಸಿರಿನ ದೂರು. ಕಾರು ಬಿಕ್ಕಳಿಸುವುದೂ ಇಲ್ಲ, ನಡುವೆ ಸೊರಗುವುದೂ ಇಲ್ಲ. ಮೊದಲಿನಿಂದ ಕೊನೆಯವರೆಗೆ ಕಂಬಳಿ ಹೊದ್ದವನಂತೆ ಏದುಸಿರು ಬಿಡುತ್ತದೆ. ಮಣ್ಣುರಸ್ತೆಗಳ ಕೆಂಪು ಧೂಳು ಗಾಳಿಯ ಫಿಲ್ಟರನ್ನು ಮುಚ್ಚಿರಬಹುದು. ಚೋಕು ಪೂರ್ತಿ ತೆರೆಯದೆ ಅರ್ಧದಲ್ಲಿ ಸಿಕ್ಕಿರಬಹುದು. ಹಾಗಾದರೆ ಹೊಗೆ ಕಪ್ಪಾಗಿರುತ್ತದೆ. ಆಕ್ಸಿಲರೇಟರಿನ ತಂತಿ ಹಿಗ್ಗಿ, ಪಾದ ನೆಲ ಮುಟ್ಟಿದರೂ ಕಾರ್ಬುರೇಟರಿನ ಬಾಗಿಲು ಪೂರ್ತಿ ತೆರೆಯದಿರಬಹುದು. ಇಂಜಿನನ್ನು ನಿಲ್ಲಿಸಿ, ಒಬ್ಬರು ಒಳಗೆ ಕೂತು ತುಳಿದು ಇನ್ನೊಬ್ಬರು ಹೊರಗಿನಿಂದ ನೋಡಿದರೆ ಎರಡು ನಿಮಿಷದಲ್ಲಿ ಇದು ಗೊತ್ತಾಗುತ್ತದೆ. ಉಸಿರು ಬಿಡುವ ದಾರಿಯೂ ಮುಖ್ಯ. ಒಳಗೆ ತುಕ್ಕು ಹಿಡಿದು ಕುಸಿದ ಸೈಲೆನ್ಸರು ಇಂಜಿನಿನ ಮೂಗನ್ನೇ ಹಿಡಿದಂತೆ.

ಯಾವ ದೂರೆಂದು ನಿಶ್ಚಯಿಸಲು ಒಂದು ಸಾಕ್ಷಿಯುಂಟು. ಏರು ಹತ್ತಿದ ಮೇಲೆ ನೆರಳಿನಲ್ಲಿ ನಿಲ್ಲಿಸಿ, ಇಂಜಿನು ಆರಿದ ನಂತರ ಪ್ಲಗ್ಗುಗಳನ್ನು ಬಿಚ್ಚಿ ನೋಡಿ. ತುದಿ ತಿಳಿಕಂದು ಬಣ್ಣದ್ದಾದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದು. ಎಣ್ಣೆಯ ಜಿಡ್ಡಿದ್ದರೆ ಮಾತ್ರ ಎದೆಯೊಳಗಿನ ಸವೆತವನ್ನು ಶಂಕಿಸಬೇಕು.

ಎದೆ ಬಿಚ್ಚುವ ಮುನ್ನ

ಬಾವುಟಗುಡ್ಡೆಯಿಂದ ಜ್ಯೋತಿ, ಬಲ್ಮಠಗಳ ಮಾರ್ಗವಾಗಿ ಕದ್ರಿಗೆ ಬರೋಣ. ಕ್ರಿ.ಶ. 968ರ ಕಾಲವನ್ನು ಹೊತ್ತ ಲೋಕೇಶ್ವರನ ಕಂಚಿನ ಮೂರ್ತಿ ಇರುವ ಮಂಜುನಾಥ ದೇವಾಲಯ ಗುಡ್ಡದ ಬುಡದಲ್ಲಿದೆ. ಮೇಲೆ ಕೆರೆಗಳೂ ಜೋಗಿ ಮಠವೂ ಇವೆ. ಸಾವಿರ ವರ್ಷ ದಾಟಿಯೂ ತೇಜಸ್ಸು ಕುಂದದ ಆ ಲೋಹವನ್ನು ಕಂಡಾಗ ನಮ್ಮ ಕಾರಿನ ನಲವತ್ತೈವತ್ತು ವರ್ಷ ಯಾವ ಲೆಕ್ಕ ಎನಿಸುತ್ತದೆ! ಆದರೆ ಮೂರ್ತಿಗೆ ನಿತ್ಯ ಆರೈಕೆಯುಂಟು, ಕಾರಿಗೆ ಇಲ್ಲ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಕದ್ರಿಯ ಏರು ಭಾರವೆನಿಸಿದರೆ ಆಗ ಕಂಪ್ರೆಶನ್ನಿನ ಪರೀಕ್ಷೆ. ಸಿಲಿಂಡರು ತನ್ನೊಳಗಿನ ಗಾಳಿಯನ್ನು ಸೋರಗೊಡದೆ ಒತ್ತಿ ಹಿಡಿಯಬಲ್ಲದೇ ಎಂಬುದನ್ನು ಇದು ಹೇಳುತ್ತದೆ. ಎಲ್ಲ ಪ್ಲಗ್ಗುಗಳನ್ನೂ ಕಳಚಿ, ಕಿಡಿಯ ಸಂಪರ್ಕ ತಪ್ಪಿಸಿ, ಆಕ್ಸಿಲರೇಟರನ್ನು ಪೂರ್ತಿ ತುಳಿದು, ಒಂದೊಂದೇ ಸಿಲಿಂಡರಿಗೆ ಮಾಪಕವನ್ನು ಹಚ್ಚಿ ಸ್ಟಾರ್ಟರಿನಿಂದ ತಿರುಗಿಸಬೇಕು. ಬ್ಯಾಟರಿ ಬಲವಾಗಿರಬೇಕು. ನಾಲ್ಕರ ಅಂಕಿಗಳೂ ಹೆಚ್ಚುಕಡಿಮೆ ಸಮನಾಗಿರುವುದು ಮುಖ್ಯ. ಒಂದು ಕಡಿಮೆ ಬಂದರೆ ಅದರೊಳಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ಸವೆದದ್ದು ಪಿಸ್ಟನ್ನಿನ ರಿಂಗು. ಏರದಿದ್ದರೆ ದೋಷ ವಾಲ್ವಿನದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಬಿದ್ದಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ಟು ಹರಿದಿರಬಹುದು. ವಾಲ್ವಿನ ದೋಷವೂ ಕೆಲವೊಮ್ಮೆ ಬರಿಯ ಟ್ಯಾಪೆಟ್ಟಿನ ಬಿಗಿತದಿಂದ ಬರುತ್ತದೆ. ಎಡೆ ಸರಿಪಡಿಸಿದರೆ ಗುಣವಾದೀತು. ಗ್ಯಾಸ್ಕೆಟ್ಟಿನದಾದರೆ ಹೆಡ್ಡನ್ನು ಮಾತ್ರ ಬಿಚ್ಚಿದರೆ ಸಾಕು. ಇಡೀ ಇಂಜಿನನ್ನು ಕೆಳಗಿಳಿಸುವ ದೊಡ್ಡ ಖರ್ಚಿನ ಪ್ರಸಂಗ ಬರುವುದು ರಿಂಗೂ ಬೋರೂ ಸವೆದಾಗಲೇ.

ನೋಡಿ, ಅನುಕ್ರಮದಲ್ಲಿಯೇ ಎಲ್ಲ ಗುಟ್ಟೂ ಅಡಗಿದೆ. ಗಾಳಿಯ ಫಿಲ್ಟರು, ಪಾಯಿಂಟು, ಮುಚ್ಚಳ, ತಂತಿ, ಇವು ಕಡಿಮೆ ಖರ್ಚಿನವು, ಅರ್ಧ ದಿನದವು. ಬೋರಿನ ಕೆಲಸ ವಾರಗಟ್ಟಲೆಯದು. ಕೆಳಗಿನ ಮೆಟ್ಟಿಲುಗಳನ್ನು ಬಿಟ್ಟು ನೇರವಾಗಿ ಮೇಲಿನದಕ್ಕೆ ಹಾರಿದವನು ಹಣವನ್ನೂ ಕಳೆದುಕೊಳ್ಳುತ್ತಾನೆ, ಕೆಲವೊಮ್ಮೆ ಕಾರನ್ನೂ. 2000ದಿಂದೀಚಿನ, ಕಾರ್ಬುರೇಟರಿಲ್ಲದ ಕಾರುಗಳಿಗೂ ಇದೇ ನ್ಯಾಯ. ಅಲ್ಲಿ ಎಚ್ಚರಿಕೆಯ ದೀಪವೊಂದು ಹೊತ್ತಿ, ಯಂತ್ರಕ್ಕೆ ಜೋಡಿಸಿದರೆ ದೋಷದ ಸಂಖ್ಯೆ ದೊರೆಯುತ್ತದೆ. ಆದರೆ ಆ ಸಂಖ್ಯೆ ತೋರಿಸುವುದು ಕಾಯಿಲೆಯ ಬೀದಿಯನ್ನು, ಮನೆಯನ್ನಲ್ಲ. ಹಿಡಿದಿರುವ ಬ್ರೇಕನ್ನು ಯಾವ ಕಂಪ್ಯೂಟರೂ ಬಿಡಿಸಿಕೊಡದು.

ಘಾಟಿಯ ಕರೆ

ಊರಿನ ಗುಡ್ಡಗಳಲ್ಲಿ ತೇರ್ಗಡೆಯಾದ ಕಾರಿಗೆ ಕಡೆಯ ಪರೀಕ್ಷೆ ಶಿರಾಡಿ ಘಾಟಿ. ಬಂಟ್ವಾಳ, ಉಪ್ಪಿನಂಗಡಿ, ನೆಲ್ಯಾಡಿಗಳನ್ನು ಹಾದು, ಗುಂಡ್ಯದಿಂದ ಮೇಲೆ ಕಾಡಿನ ನಡುವೆ ಸುತ್ತಿ ಸುತ್ತಿ ಏರುವ ಆ ದಾರಿ ನಮ್ಮನ್ನು ಕಡಲ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಸಕಲೇಶಪುರದ ಸೀಮೆಗೆ ಕೊಂಡೊಯ್ಯುತ್ತದೆ. ಇಲ್ಲಿ ಶಕ್ತಿ ಎನ್ನುವುದು ಬಿಂಕದ ಮಾತಲ್ಲ. ಭಾರದ ಲಾರಿಗಳೂ ಬಸ್ಸುಗಳೂ ಹಿಂದೆ ಮುಂದೆ ಸಾಲುಗಟ್ಟಿರುವಾಗ ತಿರುವಿನ ನಡುವೆ ನಿಂತುಹೋದ ಕಾರು ತನಗೂ ಅಪಾಯ, ಇತರರಿಗೂ ಅಪಾಯ. ಒಳಗಿರುವುದು ಹೆಂಡತಿ, ಮಕ್ಕಳು, ವಯಸ್ಸಾದ ತಾಯಿತಂದೆ. ಬಾವುಟಗುಡ್ಡೆಯಲ್ಲಿ ಸಂಶಯಾಸ್ಪದವಾಗಿ ಏರಿದ ಕಾರನ್ನು ಘಾಟಿಗೆ ಕೊಂಡೊಯ್ಯಬಾರದು. ಹಳೆಯ ಕಾರಿನ ಮೇಲಿನ ಮಮತೆ ಎಂದರೆ ಅದರ ಕುಂದನ್ನು ಮರೆಮಾಚುವುದಲ್ಲ, ಹುಡುಕಿ ತೆಗೆಯುವುದು.

ಎಲ್ಲ ಕಾರುಗಳೂ ಉಳಿಯಲಾರವು. ನಾಲ್ಕೂ ಸಿಲಿಂಡರುಗಳು ಸವೆದು, ತಳದ ತಗಡನ್ನು ಉಪ್ಪುಗಾಳಿ ತಿಂದುಬಿಟ್ಟಿದ್ದರೆ, ಬಿಡಿಭಾಗ ದೊರೆಯುವುದೇ ದುರ್ಲಭವಾದರೆ, ಗೌರವದಿಂದ ಬೀಳ್ಕೊಡುವುದೇ ವಿವೇಕ. ಆದರೆ ಓಡಿ ಸವೆದ ಕಾರು ಬೇರೆ, ನಿಂತು ಕೆಟ್ಟ ಕಾರು ಬೇರೆ. ಮೊದಲನೆಯದಕ್ಕೆ ವಿಶ್ರಾಂತಿ ಬೇಕು. ಎರಡನೆಯದಕ್ಕೆ ಬೇಕಾದದ್ದು ಹೊಸ ಪೆಟ್ರೋಲು, ಒಣಗಿದ ಡಿಸ್ಟ್ರಿಬ್ಯೂಟರು, ಸಡಿಲವಾದ ಬ್ರೇಕು, ಜೊತೆಗೆ ವಾರಕ್ಕೊಮ್ಮೆ ಹಂಪನಕಟ್ಟೆಯಿಂದ ಬಾವುಟಗುಡ್ಡೆಯವರೆಗಿನ ಒಂದು ಸವಾರಿ. ಬರಿದೇ ನಿಲ್ಲಿಸಿ ಐದು ನಿಮಿಷ ಇಂಜಿನು ನಡೆಸಿದರೆ ಪ್ರಯೋಜನ ಸಾಲದು. ಚೆನ್ನಾಗಿ ಬಿಸಿಯೇರಿ, ಒಳಗಿನ ತೇವ ಆರಿ, ಬ್ರೇಕು ಕ್ಲಚ್ಚುಗಳು ಮೈಮುರಿಯುವಷ್ಟು ದೂರ ಅದು ಓಡಬೇಕು.

ಮುಂದಿನ ರಜೆಗೆ ಮಕ್ಕಳು ವಿಮಾನದಿಂದಿಳಿದು ಬರುವಾಗ ತಂದೆಯ ಕಾರು ಅವರನ್ನು ಕೂರಿಸಿಕೊಂಡು ಕದ್ರಿಯ ಏರನ್ನು ಮೂರನೆಯ ಗೇರಿನಲ್ಲಿಯೇ ಹತ್ತಬೇಕಾದರೆ, ಅದರ ಸಿದ್ಧತೆ ಈ ಮಳೆಗಾಲಕ್ಕೆ ಮೊದಲೇ ನಡೆಯಲಿ. ಏರುಗಳಂತೂ ಎಲ್ಲಿಗೂ ಹೋಗುವುದಿಲ್ಲ. ಕಾಸಿಲ್ಲದೆ ನಾಡಿ ನೋಡುವ ವೈದ್ಯರಂತೆ ಅವು ಊರಿನ ನಡುವೆಯೇ ಕಾದಿವೆ.